ಅಮ್ಮ ಒಬ್ಬಳೇ ಇದ್ದಾಳೆ

"ನಿಮ್ಮ ತಾಯಿ ಈಗ ಯಾರ ಹತ್ರ ಇದ್ದಾರೆ?"

ಮದುವೆ ಮನೆಯಲ್ಲಿ, ಅರಿಶಿನ-ಕುಂಕುಮಕ್ಕೆ ಹೋದಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರು ಹೀಗೆ ಕೇಳುವುದು ನಮ್ಮ ಕಡೆ ಸಹಜ. ಕೇಳುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಆ ಪ್ರಶ್ನೆಗೆ ಅವರು ಒಪ್ಪುವ ಉತ್ತರ ಎರಡೇ. ಮಗನ ಹತ್ತಿರ, ಇಲ್ಲವೇ ಮಗಳ ಹತ್ತಿರ. "ಯಾರ ಹತ್ರಾನೂ ಇಲ್ಲ, ಅವರ ಮನೇಲಿ ಅವರಿದ್ದಾರೆ" ಎಂದರೆ ಸಾಕು, "ಅಯ್ಯೋ ಪಾಪ, ಒಬ್ಬರೇನಾ?" ಎನ್ನುತ್ತಾರೆ. ಆ 'ಪಾಪ' ಅಮ್ಮನಿಗೆ. ಅದರ ಹಿಂದೆಯೇ ಬರುವ ನೋಟವಿದೆಯಲ್ಲ, ಅದು ನನಗೆ.

ಸುಳ್ಳೇಕೆ ಹೇಳಲಿ, ಸುಮಾರು ವರ್ಷ ನಾನು ಈ ಪ್ರಶ್ನೆಗೆ ಸುಳ್ಳು ಹೇಳಿಕೊಂಡೇ ಬಂದೆ. "ಬೆಂಗಳೂರಲ್ಲಿ ಅಣ್ಣನ ಮನೇಲಿದ್ದಾರೆ, ಆಗಾಗ ಊರಿಗೆ ಬಂದು ಹೋಗ್ತಾರೆ" ಎನ್ನುತ್ತಿದ್ದೆ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಏಕೆ ಬಿಟ್ಟೆ ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣ ಎನ್ನಿಸಿತು. ಓದುವವರಲ್ಲಿ ಎಷ್ಟೋ ಜನ ಹೀಗೆ ಒಂಟಿಯಾಗಿರುವ ತಾಯಿಯ ಮಕ್ಕಳಿರಬಹುದು, ಅಂಥ ತಾಯಂದಿರೂ ಇರಬಹುದು.

ನನ್ನ ತವರು ತಿಪಟೂರು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟರಾಗಿದ್ದವರು. ಒಂದು ಹೆಂಚಿನ ಮನೆ, ಊರಾಚೆ ನಲವತ್ತು ತೆಂಗಿನ ಮರ, ಇಷ್ಟೇ ನಮ್ಮ ಆಸ್ತಿ. ಬೀದಿಯವರೆಲ್ಲ ಅಮ್ಮನನ್ನು ಕರೆಯುವುದು 'ಮೇಷ್ಟ್ರಮ್ಮ' ಎಂದೇ. 2017ರ ಮಾರ್ಚಿಯಲ್ಲಿ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಸಂಜೆ ಅಣ್ಣ, ಅತ್ತಿಗೆ, ನಾನು, ನಮ್ಮವರು ನಾಲ್ಕೂ ಜನ ನಡುಮನೆಯಲ್ಲಿ ಕೂತು ತೀರ್ಮಾನ ಮಾಡಿದೆವು. ಆರು ತಿಂಗಳು ಬೆಂಗಳೂರಿನಲ್ಲಿ ಅಣ್ಣನ ಮನೆ, ಆರು ತಿಂಗಳು ಕಡೂರಿನಲ್ಲಿ ನಮ್ಮ ಮನೆ. ಮನೆಗೆ ಬೀಗ. ಆ ಹೊತ್ತಿನಲ್ಲಿ ಅಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಕಾಫಿ ಸೋಸುತ್ತಿದ್ದಳು. ಅವಳನ್ನು ಕೇಳಬೇಕೆಂದು ನಮಗೆ ಯಾರಿಗೂ ಹೊಳೆಯಲೇ ಇಲ್ಲ ನೋಡಿ. ಕಾಫಿ ತಂದುಕೊಟ್ಟಾಗ ವಿಷಯ ಹೇಳಿದೆವು. "ಹೂಂ" ಅಂದಳು.

ಅಣ್ಣನದು ಒಂಬತ್ತನೇ ಅಂತಸ್ತಿನ ಫ್ಲ್ಯಾಟು. ಅಣ್ಣ ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅಮ್ಮನಿಗೆ ಲಿಫ್ಟಿನ ಭಯ. ಹೀಗಾಗಿ ಇಳಿಯುವುದೂ ಇಲ್ಲ, ಹತ್ತುವುದೂ ಇಲ್ಲ. ಅಲ್ಲಿಗಿಂತ ನಮ್ಮ ಮನೆ ಅವಳಿಗೆ ಒಗ್ಗುತ್ತದೆ, ನೆಲದ ಮೇಲಿನ ಮನೆ, ಅಂಗಳ ಇದೆ, ಮಾತಿಗೆ ನಾನಿದ್ದೇನೆ ಎಂದು ನನಗೆ ಒಳಗೊಳಗೇ ಜಂಬ. ಬಂದವಳನ್ನು ನಾನು ಒಂದು ಕಡ್ಡಿ ಈ ಕಡೆಯಿಂದ ಆ ಕಡೆ ಇಡಲು ಬಿಡಲಿಲ್ಲ. "ಜೀವಮಾನವೆಲ್ಲ ದುಡಿದಿದ್ದೀಯ, ಸುಮ್ನೆ ಕೂತ್ಕೊಳಮ್ಮ" ಎನ್ನುತ್ತಿದ್ದೆ. ಪಾಪ, ಕೂತುಕೊಳ್ಳುತ್ತಿದ್ದಳು. ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೊಮ್ಮೆ ಮಡಿಸುತ್ತಿದ್ದಳು. ನಮ್ಮ ಮನೆಯಲ್ಲಿ ರಾತ್ರಿ ಚಪಾತಿ. ಅವಳಿಗೆ ಮುದ್ದೆ ಬೇಕು. ಬೇಕು ಎಂದು ಒಂದು ದಿನವೂ ಬಾಯಿಬಿಡಲಿಲ್ಲ. ಊರಿಂದ ತಂದ ಚೀಲವನ್ನು ಪೂರ್ತಿ ಖಾಲಿ ಮಾಡದೆ ಮಂಚದ ಕೆಳಗೇ ಇಟ್ಟುಕೊಂಡಿದ್ದಳು. ಬೇಕಾದಾಗ ಒಂದೊಂದೇ ಸೀರೆ ತೆಗೆಯುವುದು, ಒಗೆದದ್ದನ್ನು ಮತ್ತೆ ಅದಕ್ಕೇ ತುಂಬುವುದು.

ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ಬಾಗಿಲ ಹತ್ತಿರ ಬಂದು ನಿಂತು, "ಒಂದ್ ಲೋಟ ಕಾಫಿ ಕಾಯಿಸ್ಕೊಳ್ಲೇನೇ?" ಎಂದು ಕೇಳಿದಳು. ಐವತ್ತು ವರ್ಷ ಒಂದು ಅಡುಗೆಮನೆಯನ್ನು ಆಳಿದವಳು. ಆಗ ನಾನು, "ಕೇಳೋದೇನಮ್ಮ, ಇರು ನಾನೇ ಮಾಡ್ತೀನಿ" ಎಂದು ಎದ್ದು ಹೋದೆ. ಆ ಮಾತು ನನಗೆ ಚುಚ್ಚಿದ್ದು ಎಷ್ಟೋ ವರ್ಷಗಳ ಮೇಲೆ.

2018ರ ನವೆಂಬರ್ ಬಂತು. ಅಪ್ಪನ ಕುಟುಂಬ ಪಿಂಚಣಿ ಅಮ್ಮನಿಗೆ ಬರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆ ಎಂದು ಸರ್ಟಿಫಿಕೇಟು ಕೊಡಬೇಕು. "ಬದುಕಿದೀನಿ ಅಂತ ರುಜು ಹಾಕಿ ಬರ್ತೀನಿ ಕಣೇ" ಎಂದು ನಗುತ್ತ ಅದೇ ಚೀಲ ಹಿಡಿದು ಹೋದವಳು ವಾಪಸು ಬರಲಿಲ್ಲ. ಒಂದು ವಾರ ಕಾದು ಫೋನು ಮಾಡಿದರೆ, "ಹೆಂಚು ಕೈಯಾಡಿಸಬೇಕು" ಎಂದಳು. ಎರಡನೇ ವಾರ, "ಅಟ್ಟದ ಮೇಲೆ ಹೆಗ್ಗಣ ಸೇರ್ಕೊಂಡಿದೆ" ಎಂದಳು. ಮೂರನೇ ವಾರ ಅಣ್ಣ ರೇಗಿದ. "ನಾವಿಬ್ರು ಇದ್ದೂ ಅಮ್ಮನ್ನ ಒಂಟಿ ಬಿಟ್ವಿ ಅಂತ ಊರವರು ಆಡ್ಕೊಳ್ಳಲ್ವಾ? ಹೋಗಿ ಕರ್ಕೊಂಡು ಬಾ" ಎಂದು ನನಗೆ ಹೇಳಿದ.

ಹೋದೆ. ಮನೆ ಸುಣ್ಣ ಬಳಿಸಿಕೊಂಡು ಲಕಲಕ ಎನ್ನುತ್ತಿತ್ತು. ಅಟ್ಟದ ತುಂಬ ಹೊಸ ತೆಂಗಿನಕಾಯಿ ಏರಿಸಿಬಿಟ್ಟಿದ್ದಳು. ತಿಪಟೂರು ಕಡೆಯವರಿಗೆ ಇದರ ಅರ್ಥ ಗೊತ್ತು. ಬಲಿತ ಕಾಯಿ ಅಟ್ಟಕ್ಕೆ ಏರಿಸಿದರೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಆಮೇಲೆ ಸುಲಿದು ಒಡೆದರೆ ಇಡೀ ಗಿಟುಕು. ಅಂದರೆ ಅಮ್ಮ ಒಂದು ವರ್ಷದ ಕೆಲಸವನ್ನು ತಲೆಯ ಮೇಲೆ ಹೇರಿಕೊಂಡೇ ನಮಗೆ ಉತ್ತರ ಕೊಟ್ಟಿದ್ದಳು.

"ನಮ್ಮನೇಲಿ ನಿಂಗೇನ್ ಕಡಿಮೆ ಮಾಡಿದ್ವಿ ಹೇಳು?" ಎಂದು ಅತ್ತುಬಿಟ್ಟೆ.

"ಏನೂ ಕಡಿಮೆ ಮಾಡ್ಲಿಲ್ಲ ಕಣೇ. ನಿನ್ ಗಂಡ ಬಂಗಾರದಂಥ ಮನುಷ್ಯ. ಆದ್ರೆ ಅಲ್ಲಿ ನಾನು ಎದ್ರೂ ಒಂದೇ, ಎದ್ದಿಲ್ಲಾಂದ್ರೂ ಒಂದೇ" ಎಂದಳು.

ನನಗೆ ಸಿಟ್ಟೇ ಬಂತು. ಎರಡು ತಿಂಗಳು ನಾನಾಗಿ ಫೋನು ಮಾಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಗ ನನ್ನ ಮನಸ್ಸಿನಲ್ಲಿದ್ದದ್ದು ಅಮ್ಮನ ಕಷ್ಟಸುಖ ಅಲ್ಲವೇ ಅಲ್ಲ. ಮಗಳ ಮನೆ ಅಮ್ಮನಿಗೆ ಸೇರಲಿಲ್ಲ ಎಂದರೆ ಜನ ನನ್ನ ಬಗ್ಗೆ ಏನೆಂದುಕೊಂಡಾರು ಎಂಬುದಷ್ಟೇ.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಲ್ಲ, ಮಾರನೆಯ ದಿನವೇ ಯುಗಾದಿ. ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ, ಆದರೂ ಹೋಗುವ ಹಾಗಿಲ್ಲ. ಅಮ್ಮ ಒಬ್ಬಳೇ ಬೇವು-ಬೆಲ್ಲ ತಿನ್ನುವುದನ್ನು ನೆನೆದು ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ಫೋನಿನಲ್ಲಿ ಅವಳ ದನಿ ನೋಡಿದರೆ ನನಗಿಂತ ಗಟ್ಟಿ. ಎದುರು ಮನೆಯವರು ಗೇಟಿನ ಮೇಲೆ ಒಬ್ಬಟ್ಟಿನ ಡಬ್ಬಿ ಇಟ್ಟು ಹೋದರಂತೆ, ಇವಳು ಅದೇ ಡಬ್ಬಿಗೆ ಕೊಬ್ಬರಿ ಮಿಠಾಯಿ ತುಂಬಿ ಇಟ್ಟಳಂತೆ. ಆ ತಿಂಗಳುಗಳನ್ನು ಅವಳು ಹೇಗೋ ದಾಟಿಬಿಟ್ಟಳು.

ಅಸಲು ಪರೀಕ್ಷೆ ಬಂದದ್ದು 2022ರ ಶ್ರಾವಣದಲ್ಲಿ. ವರಮಹಾಲಕ್ಷ್ಮಿ ಹಬ್ಬ ಕಳೆದು ನಾಲ್ಕು ದಿನವಾಗಿತ್ತು. ಬೆಳಗಿನ ಐದೂವರೆಗೆ ಬಚ್ಚಲಿನಲ್ಲಿ ಸೋಪಿನ ನೀರಿಗೆ ಕಾಲು ಜಾರಿ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು. ನಡುಮನೆಯವರೆಗೆ ತೆವಳಿಕೊಂಡು ಬಂದಿದ್ದಾಳೆ. ಮುಂಬಾಗಿಲಿಗೆ ಮೇಲಿನ ಚಿಲಕ, ಎಟುಕಲಿಲ್ಲ. ಹಾಗೆಯೇ ಗೋಡೆಗೆ ಒರಗಿ ಕೂತಳಂತೆ.

ಅವಳನ್ನು ಕಾಪಾಡಿದ್ದು ರಂಗೋಲಿ ಎಂದರೆ ನೀವು ನಗಬಹುದು. ಅಮ್ಮನಿಗೂ ಎದುರು ಮನೆಯ ಹುಡುಗಿಗೂ ಒಂದು ಒಪ್ಪಂದವಿತ್ತಂತೆ, ನಮಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಆರೂವರೆಯೊಳಗೆ ಮೇಷ್ಟ್ರಮ್ಮನ ಬಾಗಿಲಲ್ಲಿ ರಂಗೋಲಿ ಇರಬೇಕು. ಇಲ್ಲದಿದ್ದರೆ ಬಂದು ಬಾಗಿಲು ಬಡಿಯಬೇಕು. ಆವತ್ತು ಅವಳು ಹಲ್ಲುಜ್ಜುತ್ತ ನೋಡಿದರೆ ಬಾಗಿಲು ಬರಿದು. ಬಡಿದಳು, ಕೂಗಿದಳು. ಒಳಗಿನಿಂದ "ಪುಟ್ಟೀ" ಎಂಬ ದನಿ ಕೇಳಿದೊಡನೆ ಅವಳ ಅಪ್ಪ ಹಿತ್ತಿಲ ಗೋಡೆ ಹಾರಿ ಒಳಗೆ ಹೋದರು. ನಮಗೆ ಫೋನು ಬರುವಷ್ಟರಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಳು.

"ನೋಡಿದ್ಯಾ? ಇನ್ನು ಮಾತೇ ಇಲ್ಲ, ಕರ್ಕೊಂಡು ಬಂದ್ಬಿಡು" ಎಂದ ಅಣ್ಣ. ನಾನೂ ಹಾಗೇ ನಿಶ್ಚಯ ಮಾಡಿಕೊಂಡೇ ಹೋದದ್ದು. ಅಮ್ಮ ಪ್ಲಾಸ್ಟರು ಹಾಕಿದ ಕೈ ಎದೆಗೆ ಕಟ್ಟಿಕೊಂಡು, "ಇದನ್ನ ಬಿಚ್ಚೋವರ್ಗೂ ನೀನೇ ಇಲ್ಲಿರು. ಆಮೇಲೆ ನೀ ಹೇಳ್ದಂಗೆ ಕೇಳ್ತೀನಿ" ಎಂದಳು. ಮಗನ ಕಾಲೇಜು, ನಮ್ಮವರ ಅಂಗಡಿ, ಎಲ್ಲವನ್ನೂ ಅವರವರಿಗೇ ಬಿಟ್ಟು ಐದು ವಾರ ತವರಿನಲ್ಲಿದ್ದೆ. ಮದುವೆಯಾಗಿ ಇಪ್ಪತ್ತಮೂರು ವರ್ಷವಾಗಿತ್ತು. ಬಾಣಂತನ ಬಿಟ್ಟರೆ ಅಷ್ಟು ದಿನ ನಾನು ಅಲ್ಲಿ ಇದ್ದದ್ದೇ ಇಲ್ಲ.

ಒಂಟಿ ಹೆಂಗಸಿನ ದಿನ ಎಂದರೆ ನನ್ನ ಮನಸ್ಸಿನಲ್ಲಿದ್ದ ಚಿತ್ರವೇ ಬೇರೆ. ಕತ್ತಲೆ ಕೋಣೆ, ಹಳೆ ಫೋಟೋ, ಬಾಗಿಲ ಕಡೆ ನೆಟ್ಟ ಕಣ್ಣು. ಅಲ್ಲಿ ನೋಡಿದರೆ ನನಗೇ ಅಮ್ಮನ ಹತ್ತಿರ ಮಾತಾಡಲು ಪುರಸೊತ್ತು ಸಿಗುತ್ತಿರಲಿಲ್ಲ. ಆರಕ್ಕೆ ಹಾಲಿನಾಕೆ. ಅವಳ ಮಗಳ ಬಸುರಿನ ಸಮಾಚಾರವೆಲ್ಲ ಅಮ್ಮನಿಗೆ ಬಾಯಿಪಾಠ. ಎಂಟಕ್ಕೆ ಪೇಪರು, ಕನ್ನಡಕ ಏರಿಸಿಕೊಂಡು ಕೊಬ್ಬರಿ ಧಾರಣೆಯಿಂದ ಶುರು. ಹತ್ತಕ್ಕೆ ತೋಟದವನು. ಸಂಜೆ ನಾಲ್ಕಕ್ಕೆ ಎರಡು ಮಕ್ಕಳು ಮಗ್ಗಿ ಹೇಳಿಸಿಕೊಳ್ಳಲು ಬರುತ್ತವೆ, ಕೂಲಿಗೆ ಹೋಗುವವರ ಮಕ್ಕಳು, ದುಡ್ಡು ಕಾಸಿಲ್ಲ. ಮೇಷ್ಟ್ರ ಹೆಂಡತಿಯಾಗಿ ಇಷ್ಟೂ ಕಲಿಯದಿದ್ದರೆ ಹೇಗೆ ಎನ್ನುತ್ತಾಳೆ. ಅವಳು ಓದಿದ್ದು ನಾಲ್ಕನೇ ಕ್ಲಾಸು!

ಅವಳ ಅಡುಗೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಬ್ಬರಿಗೆ ಏನು ಬೇಯಿಸಿಕೊಳ್ಳುವುದು ಎಂದು ಬ್ರೆಡ್ಡು, ಬಿಸ್ಕತ್ತಿನಲ್ಲಿ ಹೊಟ್ಟೆ ಹೊರೆಯುವವರನ್ನು ನಾನು ಕಂಡಿದ್ದೇನೆ. ಅಮ್ಮ ಬಡಗಿಯ ಹತ್ತಿರ ಸಣ್ಣದೊಂದು ಮುದ್ದೆಕೋಲು ಮಾಡಿಸಿಕೊಂಡಿದ್ದಾಳೆ, ಅದಕ್ಕೆ ಸರಿಯಾದ ಸಣ್ಣ ಪಾತ್ರೆ. ಒಂದೇ ಮುದ್ದೆ, ಬಿಸಿಬಿಸಿಯಾಗಿ. ಜೊತೆಗೆ ಉಪ್ಪುಸಾರು. ಒಂದು ಹಿಡಿ ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಅರ್ಧ ಕಟ್ಟು ಸೊಪ್ಪು, ಉಪ್ಪು ಹಾಕಿ ಬೇಯಿಸಿ ಬಸಿದರೆ ನೀರು ಸಾರಿಗಾಯಿತು. ಸೊಪ್ಪು-ಬೇಳೆಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯವಾಯಿತು. ಖಾರ ಮಾತ್ರ ವಾರಕ್ಕೊಮ್ಮೆ ರುಬ್ಬಿ ಫ್ರಿಜ್ಜಿನಲ್ಲಿಡುತ್ತಾಳೆ. ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಉಪ್ಪು. ಊಟಕ್ಕೆ ಕೂತಾಗ ಗೋಲಿಯಷ್ಟು ತೆಗೆದು ತಟ್ಟೆಯ ಬದಿಗಿಟ್ಟುಕೊಂಡು ಸಾರಿಗೆ ಕಲೆಸಿಕೊಳ್ಳುವುದು. ಒಲೆ ಹಚ್ಚಿ ಮುಕ್ಕಾಲು ಗಂಟೆಯಲ್ಲಿ ಎರಡು ಬಗೆ. ತಟ್ಟೆ ಹಾಕಿಕೊಂಡು, ನೀರಿಟ್ಟುಕೊಂಡು, ನೆಂಟರಿಗೆ ಬಡಿಸುವಂತೆ ತನಗೆ ತಾನೇ ಬಡಿಸಿಕೊಳ್ಳುತ್ತಾಳೆ. ನಾನಾದರೋ ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿನ್ನುವವಳು.

ಎಲ್ಲ ಸುಖವೇ ಎಂದು ನಾನು ಹೇಳುತ್ತಿಲ್ಲ. ಒಂದು ರಾತ್ರಿ ಪಕ್ಕದಲ್ಲಿ ಮಲಗಿ, "ಭಯ ಆಗಲ್ವಾಮ್ಮ?" ಎಂದು ಕೇಳಿದೆ. "ಮೊದಲು ಮೂರು ತಿಂಗಳು ರಾತ್ರಿಯೆಲ್ಲ ರೇಡಿಯೋ ಹಾಕ್ಕೊಂಡೇ ಮಲಗ್ತಿದ್ದೆ. ಈಗ ಭಯ ಇಲ್ಲ. ಆದ್ರೆ ದೀಪ ಹಚ್ಚೋ ಹೊತ್ತು ಇದೆಯಲ್ಲ, ನಿಮ್ಮಪ್ಪ ಸ್ಕೂಲಿಂದ ಬರ್ತಿದ್ದ ಹೊತ್ತು, ಅದೊಂದು ಕಷ್ಟ. ಆಗ ಒಳಗಿರಲ್ಲ, ಎದುರು ಮನೆ ಜಗಲಿ ಮೇಲೆ ಹೂ ಕಟ್ಟೋಕೆ ಹೋಗ್ಬಿಡ್ತೀನಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿನ್ ಮನೇಲೂ ಆ ಹೊತ್ತು ಬರ್ತಿತ್ತು ಕಣೇ. ಅಲ್ಲಿ ಎದ್ದು ಹೋಗೋಕೆ ಜಾಗ ಇರ್ಲಿಲ್ಲ" ಎಂದಳು.

ಗೌರಿ ಹಬ್ಬವೂ ಆ ವಾರಗಳಲ್ಲೇ ಬಂತು. ಗಂಡ ಹೋದವಳು ಬಾಗಿನ ಕೊಡುವಂತಿಲ್ಲ ಎಂಬುದು ನಮ್ಮಲ್ಲಿ ನಡೆದು ಬಂದದ್ದು. ಹೀಗಾಗಿ ಎದುರು ಮನೆಯಾಕೆಯ ಕೈಯಲ್ಲಿ ಕೊಡಿಸುತ್ತಾಳೇನೋ ಎಂದುಕೊಂಡಿದ್ದೆ. ಮೊರದ ಒಂದು ಬದಿಯನ್ನು ಬಲಗೈಯಲ್ಲಿ ಹಿಡಿದು, ಇನ್ನೊಂದು ಬದಿಯನ್ನು ಪ್ಲಾಸ್ಟರಿನ ಮೇಲೆ ಆನಿಸಿಕೊಂಡು ತಾನೇ ಬಂದಳು. "ತಾಯಿ ಮಗಳಿಗೆ ಕೊಡೋಕೆ ಯಾರಪ್ಪಣೆ ಬೇಕು? ಸೆರಗು ಒಡ್ಡು" ಎಂದಳು. ಆ ಮನೆಗೆ ಬೀಗ ಹಾಕಿದ ಒಂದೂವರೆ ವರ್ಷ ನನಗೆ ತವರೇ ಇರಲಿಲ್ಲ. ಬೀಗ ಹಾಕಬೇಕು ಎಂದವರಲ್ಲಿ ನಾನೂ ಒಬ್ಬಳು. ಸೆರಗೊಡ್ಡಿದಾಗ ಅದು ನೆನಪಾಗಿ ತಲೆ ಎತ್ತಲಾಗಲಿಲ್ಲ.

ಪ್ಲಾಸ್ಟರು ಬಿಚ್ಚಿದ ದಿನ ಅಮ್ಮ, "ಹೇಳು, ಚೀಲ ತುಂಬ್ಲಾ?" ಎಂದಳು. ಮಾತು ಕೊಟ್ಟಿದ್ದಳಲ್ಲ. "ಬೇಡಮ್ಮ, ಬಡಗೀನ ಕರೆಸೋಣ" ಎಂದೆ.

ಬಚ್ಚಲಿಗೆ ಒರಟು ಕಲ್ಲು ಹಾಕಿಸಿದೆವು, ಗೋಡೆಗೆ ಕೈಹಿಡಿ ಕೂರಿಸಿದೆವು. ಮೇಲಿನ ಚಿಲಕ ಕೀಳಿಸಿ, ಹೊರಗಿನಿಂದಲೂ ತೆಗೆಯಲು ಬರುವ ಬೀಗ ಹಾಕಿಸಿ, ಒಂದು ಕೀಲಿಕೈ ಎದುರು ಮನೆಯಲ್ಲಿ ಕೊಟ್ಟೆವು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ನಮ್ಮ ನಂಬರು, ಡಾಕ್ಟರ ನಂಬರು, ಹಿರಿಯ ನಾಗರಿಕರ ಸಹಾಯವಾಣಿ 14567. ಅಟ್ಟ ಹತ್ತಬಾರದು ಎಂಬ ಒಂದು ಷರತ್ತು ನನ್ನದು. ಒಪ್ಪಿದ್ದಾಳೆ. ಈಗ ಹುಡುಗ ಹತ್ತಿ ಕಾಯಿ ಅಲ್ಲಾಡಿಸುತ್ತಾನೆ, ಇವಳು ಕೆಳಗೆ ನಿಂತು ಸದ್ದು ಕೇಳಿಯೇ "ಅದಿನ್ನೂ ಹಸಿ, ಬಿಡು" ಎನ್ನುತ್ತಾಳೆ. ಅಣ್ಣ ಮೊದಲು ಮುಖ ಗಂಟು ಹಾಕಿಕೊಂಡ. ಆಮೇಲೆ ಖರ್ಚೆಲ್ಲ ಅವನೇ ಕೊಟ್ಟ.

ಇಷ್ಟಕ್ಕೆಲ್ಲ ಆಧಾರ ಅಮ್ಮನ ಕೈಯಲ್ಲಿ ನಾಲ್ಕು ಕಾಸು, ತಲೆಯ ಮೇಲೊಂದು ಸೂರು ಇದ್ದದ್ದು. ಅದನ್ನು ಮುಚ್ಚಿಟ್ಟರೆ ಕಥೆ ಹೇಳಿದ ಹಾಗಾಗುತ್ತದೆ. ಅಪ್ಪ ಮನೆಯನ್ನು ಅಮ್ಮನ ಹೆಸರಿಗೆ ಉಯಿಲು ಬರೆದು ರಿಜಿಸ್ಟರು ಮಾಡಿಸಿದ್ದರು. ಉಯಿಲಿಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅಪ್ಪನ ಸ್ವಂತ ಗಳಿಕೆ ನಮ್ಮ ಮನೆಯಲ್ಲಿ ಅಮ್ಮ, ಅಣ್ಣ, ನಾನು ಮೂವರಿಗೂ ಸಮಪಾಲಾಗುತ್ತಿತ್ತು. ನೆಂಟರೊಬ್ಬರು, "ಈಗಲೇ ಮಗನಿಗೆ ದಾನಪತ್ರ ಮಾಡಿಬಿಡಿ, ಮುಂದೆ ತಾಪತ್ರಯ ಇರೋದಿಲ್ಲ" ಎಂದು ಬುದ್ಧಿ ಹೇಳಿದರು. "ನಾನಿರೋವರ್ಗೂ ನನ್ ಹೆಸರಲ್ಲೇ ಇರ್ಲಿ, ಆಮೇಲೆ ಹೇಗೂ ಅವರದೇ" ಎಂದು ಅಮ್ಮ ಅಲ್ಲಿಗೇ ಮುಗಿಸಿದಳು. ನೋಡಿಕೊಳ್ಳುತ್ತೇವೆ ಎಂದು ಬರೆಸಿಕೊಂಡು ಕೈಬಿಟ್ಟ ಮಕ್ಕಳಿಂದ ಆಸ್ತಿ ವಾಪಸು ಪಡೆಯಲು 2007ರಲ್ಲಿ ಬಂದ ಹಿರಿಯ ನಾಗರಿಕರ ಕಾಯಿದೆಯಲ್ಲಿ ದಾರಿ ಇದೆ. ಅರವತ್ತು ದಾಟಿದವರು ಎ.ಸಿ.ಯವರ ಮುಂದೆ ಅರ್ಜಿ ಕೊಡಬಹುದು. ಆದರೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿರುವುದು ಕ್ಷೇಮ. ಪಿಂಚಣಿಯೂ ತೋಟವೂ ಇಲ್ಲದವರ ಪಾಡು ಬೇರೆ. ನಮ್ಮ ಹಾಲಿನಾಕೆಯ ಅತ್ತೆಗೆ ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಅದರಲ್ಲಿ ಮಾತ್ರೆ ತರುವುದೋ, ಅಕ್ಕಿ ಬೇಳೆ ತರುವುದೋ? ಆಕೆಗೆ ನಾನು ಅಮ್ಮನ ಹಾಗೆ ಇರಿ ಎಂದು ಹೇಳಲು ಬಾಯಿ ಬರುವುದಿಲ್ಲ.

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲವಾದ ಮೇಲಂತೂ ಅಮ್ಮನನ್ನು ಹಿಡಿಯುವುದೇ ಕಷ್ಟ. ಎದುರು ಮನೆಯಾಕೆಯ ಜೊತೆ ಸಿದ್ಧಗಂಗೆ ಆಯಿತು, ಧರ್ಮಸ್ಥಳ ಆಯಿತು. ಅರಸೀಕೆರೆಯಲ್ಲಿ ಬಸ್ಸು ಬದಲಾಯಿಸಿಕೊಂಡು ನಮ್ಮ ಮನೆಗೂ ಎರಡು ತಿಂಗಳಿಗೊಮ್ಮೆ ಬರುತ್ತಾಳೆ. ಬಂದವಳು ಮೊದಲು ಚೀಲವನ್ನು ಮಂಚದ ಮೇಲೆ ಸುರಿದು, ಸೀರೆಗಳನ್ನು ಬೀರುವಿನಲ್ಲಿ ಜೋಡಿಸಿ, ಖಾಲಿ ಚೀಲವನ್ನು ಮೊಳೆಗೆ ತೂಗುಹಾಕುತ್ತಾಳೆ. ಕಾಫಿಗೆ ನನ್ನನ್ನು ಕೇಳುವುದಿಲ್ಲ. "ನಿಂಗೂ ಕಾಯಿಸ್ಲಾ?" ಎನ್ನುತ್ತಾಳೆ. ಒಂದು ವಾರ ಇದ್ದು, ತೋಟದವನು ಕಾಯುತ್ತಾನೆ ಎಂದು ಹೊರಡುತ್ತಾಳೆ. ನಾನೂ ಇರು ಎಂದು ಬಲವಂತ ಮಾಡುವುದನ್ನು ಬಿಟ್ಟಿದ್ದೇನೆ, ಬಸ್ ಸ್ಟ್ಯಾಂಡಿನಲ್ಲಿ ಕಣ್ಣಲ್ಲಿ ನೀರು ಬರುವುದು ಮಾತ್ರ ಬಿಟ್ಟಿಲ್ಲ.

ನನಗೀಗ ನಲವತ್ತೇಳು. ಎಸ್.ಎಸ್.ಎಲ್.ಸಿ. ಪಾಸಾದವಳಾದರೂ ಈಚಿನವರೆಗೆ ಬ್ಯಾಂಕಿನಲ್ಲಿ ಒಂದು ಚೀಟಿ ತುಂಬಲು ನಮ್ಮವರನ್ನು ಕರೆಯುತ್ತಿದ್ದೆ. ಗ್ಯಾಸು ಬುಕ್ ಮಾಡಲು ಮಗ, ಫ್ಯೂಸು ಹೋದರೆ ಪಕ್ಕದ ಮನೆಯವರು. ಈಗ ಒಂದೊಂದನ್ನೇ ಕಲಿಯುತ್ತಿದ್ದೇನೆ. "ಏನು, ನನ್ನನ್ನ ಬಿಟ್ಟು ಹೋಗೋ ಪ್ಲಾನಾ?" ಎಂದು ನಮ್ಮವರು ತಮಾಷೆ ಮಾಡುತ್ತಾರೆ. ಮಾಡಲಿ. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ನಾನೊಬ್ಬಳೇ ಇರುವ ದಿನ ತಟ್ಟೆ ಹಾಕಿಕೊಂಡು ಕೂತು ಉಣ್ಣುತ್ತೇನೆ. ಮೊದಮೊದಲು ಯಾರೋ ನೋಡುತ್ತಿದ್ದಾರೆ ಎನ್ನುವ ಹಾಗೆ ಸಂಕೋಚವಾಗುತ್ತಿತ್ತು.

ಮೊನ್ನೆ ಒಂದು ನಾಮಕರಣದಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. "ಅಮ್ಮ ಒಬ್ಬರೇ ಇದ್ದಾರೆ, ತಿಪಟೂರಲ್ಲಿ. ಚೆನ್ನಾಗಿದ್ದಾರೆ" ಎಂದೆ. ಆಕೆ ಪಾಪ ಎನ್ನಲು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನಾದರು. ಎಲೆ ಎತ್ತುವ ಹೊತ್ತಿಗೆ ಹತ್ತಿರ ಬಂದು, ಮೆಲ್ಲಗೆ, "ರಾತ್ರಿ ಹೊತ್ತು ಅವರಿಗೆ ಭಯ ಆಗಲ್ವೇನ್ರಿ?" ಎಂದು ಕೇಳಿದರು. ಯಾರಿಗಾಗಿ ಕೇಳಿದರೋ ಗೊತ್ತಿಲ್ಲ. ರೇಡಿಯೋದ ವಿಷಯ ಹೇಳಿದೆ. ಕೀಲಿಕೈಯ ವಿಷಯವನ್ನೂ ಹೇಳಿದೆ.

ಬರುವ ತಿಂಗಳು ಅಟ್ಟದ ಕಾಯಿ ಇಳಿಸಿ ಸುಲಿಸುವುದಿದೆ. ನಾಲ್ಕು ದಿನದ ಕೆಲಸ, ನಾನು ಹೋಗುವವಳಿದ್ದೇನೆ. ಅಷ್ಟು ದಿನ ಅಡುಗೆ ನೀವೇ ಮಾಡಿಕೊಳ್ಳಬೇಕು ಎಂದು ನಮ್ಮವರಿಗೆ ಹೇಳಿಯಾಗಿದೆ. ಉಪ್ಪುಸಾರಿನ ಖಾರ ರುಬ್ಬಿಟ್ಟು ಹೋಗುತ್ತೇನೆ. ಸೊಪ್ಪು ಬಸಿಯುವುದನ್ನು ಅವರು ಕಲಿಯಬೇಕು.